ಯಾಂಬಿಯೊದಲ್ಲಿ ಮಕ್ಕಳ ಪಟ್ಟಿ ಬರೆದದ್ದು

ಬಂದೂಕಿನ ಗುಂಪುಗಳಿಂದ ಮಕ್ಕಳನ್ನು ಬಿಡಿಸುವುದು ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಒಂದು ಮೈದಾನ, ಸಾಲಾಗಿ ನಿಂತ ಮಕ್ಕಳು, ನೆಲದ ಮೇಲಿಟ್ಟ ಬಂದೂಕುಗಳು. 2018ರ ಫೆಬ್ರವರಿ 7ರಂದು ದಕ್ಷಿಣ ಸುಡಾನಿನ ಯಾಂಬಿಯೊದಲ್ಲಿ ಅಂಥದೊಂದು ಕಾರ್ಯಕ್ರಮ ನಡೆಯಿತು. ನಾನು ಅಲ್ಲಿದ್ದೆ. ಮಕ್ಕಳ ರಕ್ಷಣೆಯ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೇಸ್ ವರ್ಕರ್ ಆಗಿದ್ದೆ. ಅವತ್ತು ಬಿಡುಗಡೆಯಾದ ಮಕ್ಕಳು 300ಕ್ಕೂ ಜಾಸ್ತಿ. ಅವರಲ್ಲಿ 87 ಹುಡುಗಿಯರು. ಭಾಷಣ, ಹೊಸ ಬಟ್ಟೆ, ಫೋಟೊ ಎಲ್ಲ ಒಂದೇ ದಿನದಲ್ಲಿ ಮುಗಿದುಹೋಯಿತು.

ಆ ದಿನಕ್ಕಿಂತ ಅದರ ಹಿಂದೆ ಮುಂದೆ ನಡೆದ ಕೆಲಸದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಅದರಲ್ಲೂ ಬಿಡಿಸಬೇಕಾದ ಮಕ್ಕಳ ಪಟ್ಟಿಯ ಬಗ್ಗೆ. ಯಾರ ಹೆಸರು ಪಟ್ಟಿಗೆ ಬರುತ್ತದೆ, ಯಾರದ್ದು ಬಿಟ್ಟುಹೋಗುತ್ತದೆ ಅನ್ನುವುದು ಮೊದಲೇ ತೀರ್ಮಾನವಾಗಿಬಿಡುತ್ತದೆ. ಹೆಸರು ಬಿಟ್ಟುಹೋದ ಮಗುವಿಗೆ ಮುಂದಿನ ಯಾವುದೂ ಸಿಗುವುದಿಲ್ಲ.

ಯಾಂಬಿಯೊ ಇರುವುದು ದೇಶದ ನೈರುತ್ಯ ಮೂಲೆಯಲ್ಲಿ. ಮಳೆ ಚೆನ್ನಾಗಿ ಬೀಳುವ ಹಸಿರು ನಾಡು. ತೇಗ, ಮಾವು, ಮರಗೆಣಸು. ದಕ್ಷಿಣಕ್ಕೆ ಹೋದರೆ ಕಾಂಗೊ ಗಡಿ, ಪಶ್ಚಿಮಕ್ಕೆ ಹೋದರೆ ಮಧ್ಯ ಆಫ್ರಿಕಾ ಗಣರಾಜ್ಯ. ಮೂರೂ ದೇಶಗಳಲ್ಲಿ ಅಜಾಂಡೆ ಜನ ಇದ್ದಾರೆ. ನೆಂಟಸ್ತಿಕೆ ಗಡಿ ದಾಟಿಯೇ ಇರುತ್ತದೆ. 2008ರ ಕೊನೆಯಲ್ಲಿ ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಅನ್ನುವ ಉಗಾಂಡಾದ ಬಂಡುಕೋರ ಗುಂಪು ಕಾಂಗೊ ಕಾಡಿನಿಂದ ಚದುರಿ ಈ ಕಡೆಯ ಹಳ್ಳಿಗಳ ಮೇಲೆ ಬಿತ್ತು. ಆಗ ಊರವರೇ ಬಿಲ್ಲು ಬಾಣ, ನಾಡ ಬಂದೂಕು ಹಿಡಿದು ಕಾವಲಿಗೆ ನಿಂತರು. ಅವರಿಗೆ ಆರೋ ಬಾಯ್ಸ್ ಅಂತ ಹೆಸರು ಬಿತ್ತು. 2013ರ ಡಿಸೆಂಬರಿನಲ್ಲಿ ರಾಜಧಾನಿ ಜುಬಾದಲ್ಲಿ ಹೊತ್ತಿಕೊಂಡ ಅಂತರ್ಯುದ್ಧ 2015ರ ಹೊತ್ತಿಗೆ ಇಲ್ಲಿಗೂ ಬಂತು. ಊರು ಕಾಯುತ್ತಿದ್ದವರಲ್ಲಿ ಒಂದಷ್ಟು ಜನ ಸರ್ಕಾರದ ವಿರುದ್ಧ ತಿರುಗಿದರು. ಅಂಥ ಒಂದು ಗುಂಪು 2016ರಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ದೊಡ್ಡವರು ಸೈನ್ಯಕ್ಕೆ ಸೇರಬಹುದು, ಮಕ್ಕಳನ್ನು ಮಾತ್ರ ಬಿಡಬೇಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಲ್ಲಿನ ಮಕ್ಕಳನ್ನೆಲ್ಲ ಎಳೆದುಕೊಂಡು ಹೋಗಿದ್ದರು ಅಂತ ನಾನೂ ಅಂದುಕೊಂಡೇ ಹೋಗಿದ್ದೆ. ಎಷ್ಟೋ ಮಕ್ಕಳನ್ನು ನಿಜವಾಗಿಯೂ ಎಳೆದುಕೊಂಡೇ ಹೋಗಿದ್ದರು. ಆದರೆ ಅಣ್ಣನ ಹಿಂದೆ ಹೋದವರಿದ್ದರು. ಶಾಲೆ ಮುಚ್ಚಿ, ಮನೆ ಸುಟ್ಟು, ಕಾಡಿಗೆ ಓಡಿದಾಗ ಅಲ್ಲಿ ಊಟ ಸಿಕ್ಕಿದ್ದು ಆ ಶಿಬಿರದಲ್ಲಿ ಮಾತ್ರ ಅಂತ ಉಳಿದವರಿದ್ದರು. ಇಷ್ಟಪಟ್ಟು ಸೇರಿದರಾ, ಬಲವಂತಕ್ಕೆ ಸೇರಿದರಾ ಅನ್ನುವ ಪ್ರಶ್ನೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ದಕ್ಷಿಣ ಸುಡಾನಿನ 2008ರ ಮಕ್ಕಳ ಕಾಯ್ದೆ 18 ತುಂಬದವರನ್ನು ಸೇರಿಸಿಕೊಳ್ಳಬಾರದು ಅನ್ನುತ್ತದೆ. ಅವರಾಗಿ ಬಂದರೂ ಅಷ್ಟೆ.

ಹಾಗಾದರೆ 18 ತುಂಬಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಜನನ ಪ್ರಮಾಣಪತ್ರ ಯಾರ ಹತ್ತಿರವೂ ಇಲ್ಲ. ಶಿಬಿರದಿಂದ ಬಂದ ಪಟ್ಟಿ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದದ್ದು. ಹೆಸರು, ತಂದೆಯ ಹೆಸರು ಇತ್ತು. ವಯಸ್ಸಿನ ಕಾಲಮ್ಮೇ ಇರಲಿಲ್ಲ. ಹೀಗಾಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ನಿಶ್ಶಸ್ತ್ರೀಕರಣದ ಸರ್ಕಾರಿ ಆಯೋಗದವರು, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಶಾಂತಿಪಡೆಯ ಮಕ್ಕಳ ರಕ್ಷಣಾ ವಿಭಾಗದವರು, ನಮ್ಮಂಥ ಸಂಸ್ಥೆಗಳವರು ಎಲ್ಲ ಸೇರಿ ಈ ಪರಿಶೀಲನೆ ಮಾಡುತ್ತಿದ್ದೆವು.

ಇಲ್ಲಿ ಸುಳ್ಳು ಎರಡೂ ಕಡೆಯಿಂದ ಬರುತ್ತದೆ. ಮಕ್ಕಳಿಗೆ ಏನೋ ಸಾಮಾನು ಕೊಡುತ್ತಾರಂತೆ ಅನ್ನುವ ಸುದ್ದಿ ಹಬ್ಬಿದರೆ ಗಡ್ಡ ಬಂದವರೂ ಹದಿನಾರು ಅನ್ನುತ್ತಾರೆ. ದೊಡ್ಡವರಿಗೆ ಸೈನ್ಯದಲ್ಲಿ ಸಂಬಳ ಅಂದರೆ ಹದಿನಾಲ್ಕರ ಹುಡುಗ ಹತ್ತೊಂಬತ್ತು ಅನ್ನುತ್ತಾನೆ. ಹಲ್ಲು ನೋಡಿ, ಎಕ್ಸ್-ರೇ ತೆಗೆದು ಹೇಳಬಹುದಲ್ವಾ ಅಂತ ಕೇಳುವವರಿದ್ದಾರೆ. ಅದರಲ್ಲಿ ಒಂದೆರಡು ವರ್ಷದ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಇಲ್ಲಿ ತೀರ್ಮಾನವಾಗಬೇಕಿರುವುದೂ ಆ ಒಂದೆರಡು ವರ್ಷವೇ.

ನಮ್ಮ ಹತ್ತಿರ ಇದ್ದದ್ದು ಘಟನೆಗಳ ಒಂದು ಪಟ್ಟಿ. ಸುಡಾನ್ ಸರ್ಕಾರಕ್ಕೂ ದಕ್ಷಿಣದ ಬಂಡುಕೋರರಿಗೂ ಆದ 2005ರ ಜನವರಿಯ ಶಾಂತಿ ಒಪ್ಪಂದ. ಕೋನಿಯ ಜನ ಬಂದ ವರ್ಷ. ಸುಡಾನಿನಿಂದ ಬೇರೆಯಾಗಬೇಕಾ ಅಂತ ಜನ ಮತ ಹಾಕಿದ 2011ರ ಜನವರಿಯ ಜನಮತಗಣನೆ. ಅದೇ ವರ್ಷದ ಜುಲೈ 9, ಸ್ವಾತಂತ್ರ್ಯ. ಆಮೇಲೆ ಯುದ್ಧ. ಇವುಗಳ ಮಧ್ಯೆ ಊರಿನ ಘಟನೆಗಳು: ಯಾವ ಚರ್ಚ್ ಯಾವಾಗ ಕಟ್ಟಿದರು, ಯಾವ ಪಾದ್ರಿ ಯಾವಾಗ ಬಂದರು.

ಒಬ್ಬ ಹುಡುಗ ನೆನಪಿದ್ದಾನೆ. ದನಿ ಒಡೆದಿತ್ತು, ಎತ್ತರ ಇದ್ದ. ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತು ಹತ್ತೊಂಬತ್ತು ಅಂದ. ಆಯ್ತು ಅಂತ ಬರೆದುಕೊಂಡೆ. ಆಮೇಲೆ ಸುಮ್ನೆ ಮಾತಿಗೆಳೆದೆ. ಜನಮತಗಣನೆಯ ದಿನ ನೆನಪಿದೆಯಾ? ಇದೆ, ಅಜ್ಜಿಯ ಜೊತೆ ಸಾಲಿನಲ್ಲಿ ನಿಂತಿದ್ದೆ ಅಂದ. ಅಜ್ಜಿಯ ಬೆರಳಿಗೆ ಶಾಯಿ ಹಚ್ಚಿದರು, ನನಗೂ ಹಚ್ಚಿ ಅಂತ ಅತ್ತೆ ಅಂದ. ಆಗ ನೀರು ಹೊರುತ್ತಿದ್ದೆಯಾ? ಹೊರುತ್ತಿದ್ದೆ. ದೊಡ್ಡ ಹಳದಿ ಕ್ಯಾನಾ? ಇಲ್ಲ, ಅದನ್ನು ಅಕ್ಕ ಹೊರುತ್ತಿದ್ದಳು, ನನ್ನದು ಅಡುಗೆ ಎಣ್ಣೆಯ ಸಣ್ಣ ಡಬ್ಬ. ಅಷ್ಟು ಹೇಳಿ ಅವನೇ ನಿಲ್ಲಿಸಿದ. ಹತ್ತೊಂಬತ್ತರವನಾಗಿದ್ದರೆ ಆಗ ಹನ್ನೆರಡು ಆಗಿರಬೇಕಿತ್ತು. ಹನ್ನೆರಡರವನು ಶಾಯಿಗೆ ಅಳುವುದಿಲ್ಲ, ಸಣ್ಣ ಡಬ್ಬ ಹೊರುವುದೂ ಇಲ್ಲ. ದುಭಾಷಿ ನಕ್ಕಳು. ಹುಡುಗ ತಲೆ ಕೆರೆದುಕೊಂಡು ತಾನೂ ನಕ್ಕ. ಸುಮಾರು ಹದಿನೈದು ಅಂತ ಬರೆದೆವು. ಹೀಗೆ ತಿಳಿಯಾಗದೆ ಅನುಮಾನ ಉಳಿದರೆ ಮಗು ಅಂತಲೇ ಹಿಡಿಯಬೇಕು ಅನ್ನುವುದು ನಿಯಮ.

ಏನು ಕೇಳಬಾರದು ಅನ್ನುವುದು ಇನ್ನೂ ಮುಖ್ಯ. ಯಾರನ್ನಾದರೂ ಕೊಂದಿದ್ದೀಯಾ ಅಂತ ಕೇಳುವ ಹಾಗಿಲ್ಲ. ಹೊರಗಿನಿಂದ ಬಂದವರಿಗೆಲ್ಲ ಆ ಪ್ರಶ್ನೆಯೇ ನಾಲಿಗೆಯ ತುದಿಯಲ್ಲಿರುತ್ತದೆ. ವಯಸ್ಸು ತಿಳಿಯಲು, ಮನೆ ಹುಡುಕಲು ಅದರ ಉತ್ತರ ಬೇಕಿಲ್ಲ. ಸುಮ್ಮನೆ ಗಾಯ ಕೆದಕಿದ ಹಾಗಾಗುತ್ತದೆ, ಆಮೇಲೆ ಆ ಮಗುವನ್ನು ಸಮಾಧಾನ ಮಾಡಲು ಅಲ್ಲಿ ಯಾರೂ ಇರುವುದಿಲ್ಲ.

ಒಬ್ಬ ಕಮಾಂಡರ್ ನೇರವಾಗಿಯೇ ಕೇಳಿದ, ಈ ಪಟ್ಟಿ ಹೇಗ್‌ಗೆ ಹೋಗುತ್ತಾ ಅಂತ. ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಇರುವ ನೆದರ್ಲೆಂಡ್ಸ್‌ನ ಊರು ಅದು. ಅವನಿಗೆ ಥಾಮಸ್ ಲುಬಾಂಗನ ಹೆಸರು ಗೊತ್ತಿತ್ತು. ಲುಬಾಂಗ ಗಡಿಯಾಚೆಯ ಕಾಂಗೊದ ಬಂಡುಕೋರ ನಾಯಕನಲ್ವಾ! 15 ತುಂಬದ ಮಕ್ಕಳನ್ನು ಯುದ್ಧಕ್ಕೆ ಬಳಸಿದ ಅಪರಾಧಕ್ಕೆ ಆ ಕೋರ್ಟು 2012ರಲ್ಲಿ ಅವನಿಗೆ 14 ವರ್ಷ ಶಿಕ್ಷೆ ಕೊಟ್ಟಿತು. ಆ ಕೋರ್ಟಿನ ಮೊದಲ ತೀರ್ಪೇ ಅದು. ನಮ್ಮದು ಮಕ್ಕಳ ಆರೈಕೆಯ ಫೈಲು, ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ ಅಂತ ಹೇಳಿದೆವು. ಅದು ನಿಜವೇ. ಉಲ್ಲಂಘನೆಗಳನ್ನು ದಾಖಲಿಸುವ ದಾರಿ ಬೇರೆ ಇದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2005ರ 1612ನೇ ನಿರ್ಣಯದಿಂದ ಬಂದ ವ್ಯವಸ್ಥೆ ಅದು. ಕೊಲ್ಲುವುದು ಮತ್ತು ಅಂಗವಿಕಲ ಮಾಡುವುದು, ಸೇರಿಸಿಕೊಳ್ಳುವುದು, ಲೈಂಗಿಕ ಹಿಂಸೆ, ಅಪಹರಣ, ಶಾಲೆ ಆಸ್ಪತ್ರೆಗಳ ಮೇಲೆ ದಾಳಿ, ನೆರವು ತಡೆಯುವುದು, ಈ ಆರನ್ನು ಅಲ್ಲಿ ಪರಿಶೀಲಿಸಿ ದಾಖಲಿಸುತ್ತಾರೆ. ಎರಡೂ ಕೆಲಸವನ್ನು ಒಂದೇ ನೋಟ್‌ಬುಕ್ಕಿನಲ್ಲಿ ಮಾಡಿದರೆ ಯಾವ ಕಮಾಂಡರೂ ಪಟ್ಟಿ ಕೊಡುವುದಿಲ್ಲ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. ನನ್ನನ್ನು ಜಾಸ್ತಿ ಹಾಕಿದ್ದೂ ಆ ಕೆಲಸಕ್ಕೇ.

ಒಂದು ಶಿಬಿರದ ಪಟ್ಟಿಯಲ್ಲಿ ಹುಡುಗಿಯರ ಹೆಸರು ಬೆರಳೆಣಿಕೆಯಷ್ಟಿತ್ತು. ಉಳಿದವರು ಎಲ್ಲಿ ಅಂದರೆ, ಅವರೆಲ್ಲ ಹೆಂಡತಿಯರು, ಸೈನಿಕರಲ್ಲ ಅಂತ ಉತ್ತರ. ಅಡುಗೆ ಮಾಡುವವಳು, ಮದ್ದುಗುಂಡು ಹೊರುವವಳು, ರಾತ್ರಿ ಯಾರದೋ ಗುಡಿಸಲಿನಲ್ಲಿ ಮಲಗಬೇಕಾದವಳು, ಇವರ ಕೈಯಲ್ಲಿ ಬಂದೂಕು ಇರುವುದಿಲ್ಲ. ಸಿಯೆರಾ ಲಿಯೋನ್‌ನಲ್ಲಿ ಯುದ್ಧ ಮುಗಿದಾಗ ಹುಡುಗಿಯರಲ್ಲಿ ದೊಡ್ಡ ಪಾಲು ಹೀಗೆಯೇ ಹೊರಗೆ ಉಳಿದರು. ಇಂಥ ಮಕ್ಕಳ ಬಗ್ಗೆ ಹಲವು ದೇಶಗಳು ಒಪ್ಪಿಕೊಂಡ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳು ಇದನ್ನು ಸರಿಮಾಡಲು ನೋಡಿದವು. ಗುಂಪಿನ ಜೊತೆ ಯಾವ ಕೆಲಸಕ್ಕೇ ಇದ್ದರೂ, 18ರ ಒಳಗಿನವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಕಾಗದದ ಮೇಲೆ ಅದು ಸ್ಪಷ್ಟವಾಗಿದೆ. ಆದರೆ ಶಿಬಿರದಲ್ಲಿ ಆ ಕಾಗದ ಯಾರು ಓದುತ್ತಾರೆ?

ಪರಿಶೀಲನೆಯ ಟೆಂಟಿಗೆ ಹುಡುಗಿಯರು ಬರುತ್ತಿರಲಿಲ್ಲ. ಅವರು ಸಿಗುತ್ತಿದ್ದದ್ದು ಕೈಪಂಪಿನ ಹತ್ತಿರ. ಅಲ್ಲಿ ಹೆಂಗಸರ ಜೊತೆ ಕೂತು, ಯಾರಿಗೆ ಅಂತ ಬೆರಳು ತೋರಿಸದೆ, ಬಂದೂಕು ಇಲ್ಲದವರೂ ಬರಬಹುದು, ಮಗು ಇದ್ದವರೂ ಬರಬಹುದು ಅಂತ ಹೇಳುತ್ತಿದ್ದೆವು. ಒಬ್ಬಳು ಬೆನ್ನಿಗೆ ಮಗು ಕಟ್ಟಿಕೊಂಡು ಪಂಪು ಒತ್ತುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು: ಮಗುವನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಗು ನಿನ್ನ ಜೊತೆಗೇ ಬರುತ್ತದೆ ಅಂದೆ. ಅವನು ಬಿಡದಿದ್ದರೆ? ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ. ಅಲ್ಲೇ ಅವಳ ಹೆಸರು ಬರೆದು ಟೆಂಟಿಗೆ ತಂದಿದ್ದರೆ ಸಂಜೆ ಹೊಡೆತ ತಿನ್ನುವವಳು ಅವಳು. ಹಾಗಾಗಿ ಹೆಸರು ಬರೆಯಲಿಲ್ಲ. ಫೆಬ್ರವರಿಯ ಪಟ್ಟಿಯಲ್ಲಿ ಅವಳು ಇರಲಿಲ್ಲ.

ಆಮೇಲೆ ಮಾತು ಹರಡಿತು. ಫೆಬ್ರವರಿಯಲ್ಲಿ ಬಿಡುಗಡೆಯಾದ ಹುಡುಗಿಯರು ಮಕ್ಕಳ ಸಮೇತ ಮನೆ ಸೇರಿದ್ದನ್ನು ಉಳಿದವರು ಕೇಳಿಸಿಕೊಂಡರು. ಚರ್ಚಿನ ಹೆಂಗಸರ ಗುಂಪುಗಳು ಕಮಾಂಡರ್‌ಗಳ ತಾಯಂದಿರ ಹತ್ತಿರ ಹೋಗಿ ಮಾತಾಡಿದರು. ನಾವು ತೋರಿಸುತ್ತಿದ್ದ ಯಾವ ನಿರ್ಣಯಕ್ಕಿಂತ ಆ ತಾಯಂದಿರ ಮಾತೇ ಜಾಸ್ತಿ ನಡೆಯಿತು ಅಂತ ನನಗನ್ನಿಸುತ್ತದೆ. ಏಪ್ರಿಲ್‌ನಲ್ಲಿ ಯಾಂಬಿಯೊದಿಂದ ಗಂಟೆಯ ದಾರಿಯ ಬಕಿವಿರಿಯಲ್ಲಿ ಎರಡನೇ ಬಿಡುಗಡೆ ಆಯಿತು. 112 ಹುಡುಗರು, 95 ಹುಡುಗಿಯರು. ಹತ್ತಿರ ಹತ್ತಿರ ಅರ್ಧ. ಪಂಪಿನ ಹುಡುಗಿ ಈ ಸಲ ಇದ್ದಳು, ಬೆನ್ನಿನ ಮಗುವೂ ಇತ್ತು.

ಬಿಡುಗಡೆಯ ದಿನದ ಬಗ್ಗೆ ಹೇಳುವುದು ಕಡಿಮೆ. ಮುಖ ತೆಗೆಯಬೇಡಿ, ಹಿಂದಿನಿಂದ ತೆಗೆಯಿರಿ ಅಂತ ಕ್ಯಾಮೆರಾದವರಿಗೆ ಹೇಳಿದ್ದೇ ಹೇಳಿದ್ದು. ಬಿಸಿಲಿನಲ್ಲಿ ಮಕ್ಕಳು ಭಾಷಣ ಕೇಳಿದ್ದೇ ಕೇಳಿದ್ದು.

ಹತ್ತಿರದಲ್ಲೇ ನೆಂಟರು ಸಿಕ್ಕಿದ ಮಕ್ಕಳು ಮನೆಗೆ ಹೋದರು. ಉಳಿದವರು ಆರೈಕೆ ಕೇಂದ್ರಕ್ಕೆ ಬಂದರು. ಮೊದಲ ರಾತ್ರಿಗಳಲ್ಲಿ ಎಷ್ಟೋ ಹುಡುಗರು ಬೂಟು ಬಿಚ್ಚದೆ ಮಲಗುತ್ತಿದ್ದರು. ಬಿಚ್ಚಿ ಅಂತ ನಾವು ಹೇಳಲಿಲ್ಲ. ಬೆಳಗಿನ ಜಾವ ತಾವಾಗಿಯೇ ಎದ್ದು ಸಾಲು ನಿಲ್ಲುತ್ತಿದ್ದರು. ಅಡುಗೆಯವಳು ಪೊರಕೆ ಹಿಡಿದು ಓಡಿಸಿ, ಹೋಗಿ ಮಲಗಿ, ಗಂಜಿ ಇನ್ನೂ ಆಗಿಲ್ಲ ಅಂತ ಬೈಯುತ್ತಿದ್ದಳು. ಆ ಬೈಗುಳದಿಂದ ಆದ ಒಳ್ಳೆಯದು ನಮ್ಮ ಆಪ್ತ ಸಮಾಲೋಚನೆಯಿಂದ ಆಯಿತೋ ಇಲ್ಲವೋ. ಕೆಲವು ವಾರದಲ್ಲಿ ಬೂಟುಗಳು ಬಾಗಿಲ ಹೊರಗೆ ಬಂದವು.

ಮನೆ ಹುಡುಕುವುದಕ್ಕೆ ಒಂದು ಫಾರ್ಮ್ ಇರುತ್ತದೆ. ಮಗುವಿನ ಊರು, ಮುಖ್ಯಸ್ಥನ ಹೆಸರು, ಹತ್ತಿರದ ಹೊಳೆ, ಚರ್ಚು, ಕೊನೆಯ ಸಲ ಯಾರನ್ನು ಎಲ್ಲಿ ನೋಡಿದ್ದು. ಅದನ್ನು ಹಿಡಿದುಕೊಂಡು ಮೋಟರ್‌ಬೈಕ್‌ನಲ್ಲಿ ಹೋಗುವುದು. ಮಳೆ ಬಂದರೆ ದಾರಿ ಕೆಸರಾಗಿ ಅರ್ಧದಲ್ಲೇ ವಾಪಸ್. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನಲ್ಲಿ ವಿಚಾರಿಸುವುದು ನಮಗೆ ಸಿಕ್ಕ ಅತ್ಯಂತ ಒಳ್ಳೆಯ ದಾರಿ. ಆದರೆ ಮಗುವಿನ ಫೋಟೊ ಮೊದಲೇ ತೋರಿಸುವ ಹಾಗಿಲ್ಲ. ಇವನು ನಮ್ಮವನು ಅಂದವರಿಗೆ ಪ್ರಶ್ನೆ ಕೇಳಬೇಕು. ಮನೆಯಲ್ಲಿ ಏನಂತ ಕರೆಯುತ್ತಿದ್ದಿರಿ? ಮೈಮೇಲೆ ಗುರುತು ಎಲ್ಲಿದೆ? ಅಕ್ಕನ ಹೆಸರೇನು? ಇತ್ತ ಮಗು ಹೇಳಿದ್ದಕ್ಕೂ ಅತ್ತ ಅವರು ಹೇಳಿದ್ದಕ್ಕೂ ತಾಳೆ ಆಗಬೇಕು. ಕುಟುಂಬಕ್ಕೆ ಮೂರು ತಿಂಗಳ ಆಹಾರ ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವಾಗ ಇಷ್ಟು ಎಚ್ಚರ ಬೇಕೇ ಬೇಕು.

ಶಾಯಿಗೆ ಅತ್ತ ಹುಡುಗನ ವಿಷಯದಲ್ಲಿ ತಾಳೆ ಆಗಿಯೂ ಕೆಲಸ ಕೆಟ್ಟಿತು. ಚಿಕ್ಕಪ್ಪ ಒಬ್ಬ ಬಂದ. ಎಲ್ಲ ಪ್ರಶ್ನೆಗೂ ಸರಿ ಉತ್ತರ ಕೊಟ್ಟ. ಮೊಣಕಾಲಿನ ಸುಟ್ಟ ಗಾಯದವರೆಗೆ ಗೊತ್ತಿತ್ತು. ಫಾರ್ಮ್ ಪ್ರಕಾರ ಅವತ್ತೇ ಕಳಿಸಬಹುದಿತ್ತು. ಹುಡುಗನನ್ನು ಕೇಳಿದರೆ ಹೋಗುವುದಿಲ್ಲ ಅಂದ. ಯಾಕೆ ಅಂದರೆ ಮಾತಿಲ್ಲ. ಅಡುಗೆಮನೆಯ ಹಿಂದೆ ಮರಗೆಣಸು ಸುಲಿಯುತ್ತಾ ಕೂತಿದ್ದಾಗ ಆಮೇಲೆ ಹೇಳಿದ, ನನ್ನನ್ನು ಶಿಬಿರಕ್ಕೆ ಕರೆದುಕೊಂಡು ಹೋಗಿ ಬಿಟ್ಟವನೇ ಅವನು ಅಂತ. ಮನೆಗೊಬ್ಬ ಹುಡುಗನನ್ನು ಕೊಡಬೇಕು ಅಂದಾಗ ತನ್ನ ಮಗನ ಬದಲು ಇವನನ್ನು ಕೊಟ್ಟಿದ್ದ. ರಕ್ತಸಂಬಂಧ ನಿಜ, ಫಾರ್ಮೂ ಸರಿ. ಆದರೆ ಮಗುವಿನ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ ಅನ್ನುವ ಒಂದು ಸಾಲಿನ ನಿಯಮ ಇಂಥ ಕಡೆಯೇ ಕೆಲಸಕ್ಕೆ ಬರುವುದು. ಅಜ್ಜಿಯನ್ನು ಹುಡುಕಿದೆವು. ಅವಳು ಗಡಿಯ ಹತ್ತಿರದ ಇನ್ನೊಂದು ಹಳ್ಳಿಗೆ ಓಡಿಹೋಗಿದ್ದಳು. ನಮ್ಮ ಯಾವ ಪ್ರಶ್ನೆಗೂ ಅವಳು ನೆಟ್ಟಗೆ ಉತ್ತರ ಕೊಡಲಿಲ್ಲ. ಸುಟ್ಟ ಗಾಯ ಎಡಗಾಲಿಗೋ ಬಲಗಾಲಿಗೋ ಮರೆತಿದ್ದಳು. ಅವನು ಊಟ ಮಾಡುತ್ತಿದ್ದಾನಾ ಅಂತ ಮಾತ್ರ ಮತ್ತೆ ಮತ್ತೆ ಕೇಳಿದಳು. ಜನಮತಗಣನೆಯ ದಿನದ ಬಗ್ಗೆ ಕೇಳಿದೆ. ಶಾಯಿಯ ರಗಳೆಯನ್ನು ಅವಳೇ ಹೇಳಿದಳು.

ಮನೆಗೆ ಹೋದ ಮೇಲೆ ಶುರುವಾಗುವುದು ಅಕ್ಕಪಕ್ಕದವರ ಸಮಸ್ಯೆ. ಒಬ್ಬ ತಾಯಿ ನನ್ನ ಬೈಕ್ ನಿಲ್ಲಿಸಿ ಕೇಳಿದಳು, ಬಂದೂಕು ಹಿಡಿದವನಿಗೆ ಸ್ಕೂಲ್ ಬ್ಯಾಗು, ಕಾಡಿನಲ್ಲಿ ಹಸಿದುಕೊಂಡಿದ್ದ ನನ್ನ ಮಗನಿಗೇನು ಅಂತ. ಅವಳು ಕೇಳಿದ್ದು ನ್ಯಾಯ. ಬಿಡುಗಡೆಯಾದ ಮಕ್ಕಳಿಗೆ ಮಾತ್ರ ಕೊಟ್ಟರೆ ಊರು ಅವರನ್ನು ದೂರ ಇಡುತ್ತದೆ. ಬಂದೂಕು ಹಿಡಿದರೆ ಲಾಭ ಅನ್ನುವ ಪಾಠವನ್ನೂ ಕಲಿಸಿದ ಹಾಗಾಗುತ್ತದೆ. ಅದಕ್ಕೆ ಹೊಲಿಗೆ, ಬಡಗಿ ಕೆಲಸ, ಬೈಕ್ ರಿಪೇರಿ ತರಬೇತಿಗಳಲ್ಲಿ ಊರಿನ ಬೇರೆ ಬಡ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದೆವು. ದುಡ್ಡು ಸಾಲುತ್ತಿರಲಿಲ್ಲ, ಅದು ಬೇರೆ ಮಾತು.

ಶಾಲೆಯ ಕಥೆಯೂ ಸುಲಭವಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಹದಿನೈದರಲ್ಲಿ ಮತ್ತೆ ಎರಡನೇ ಕ್ಲಾಸಿಗೆ ಕೂರಿಸಿದರೆ ಒಂದು ವಾರ ಕೂರುತ್ತಾನೆ. ಎಂಟು ವರ್ಷದ ಪ್ರಾಥಮಿಕ ಪಾಠವನ್ನು ನಾಲ್ಕು ವರ್ಷದಲ್ಲಿ ಮುಗಿಸುವ ವೇಗದ ಕಲಿಕೆಯ ತರಗತಿಗಳಿವೆ. ಅಲ್ಲಿ ದೊಡ್ಡ ಮಕ್ಕಳೇ ಇರುವುದರಿಂದ ನಾಚಿಕೆ ಕಡಿಮೆ. ಪಂಪಿನ ಹುಡುಗಿ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಅವಳಿಗೆ ಹೊಲಿಗೆ ಬೇಕಿತ್ತು, ಅದೂ ಬೇಗ. ಕಲಿತಳು. ದಕ್ಷಿಣ ಸುಡಾನಿನ ಪೌಂಡ್ ಬೆಲೆ ಬೀಳುತ್ತಲೇ ಇತ್ತು. ದಾರದ ಉಂಡೆಗೆ ಹೋದ ತಿಂಗಳಿನ ಬೆಲೆ ಈ ತಿಂಗಳು ಇರುತ್ತಿರಲಿಲ್ಲ. ಹಾಗಾಗಿ ದುಡ್ಡು ಕೂಡಿಡುವ ಬದಲು ದಾರ ಕೂಡಿಡುತ್ತಿದ್ದಳು. ಅದನ್ನು ಅವಳಿಗೆ ನಾವು ಹೇಳಿಕೊಟ್ಟಿರಲಿಲ್ಲ.

ಒಬ್ಬೊಬ್ಬ ಮಗುವಿನ ಜೊತೆ ಮೂರು ವರ್ಷ ಇರಬೇಕು ಅನ್ನುವುದು ಯೋಜನೆ. ಹಣ ಬರುವುದು ಮಾತ್ರ ವರ್ಷಕ್ಕೊಂದು ಸಲ, ಕೆಲವೊಮ್ಮೆ ಅದಕ್ಕೂ ಕಡಿಮೆ ಅವಧಿಗೆ. ಬಿಡುಗಡೆಯ ದಿನಕ್ಕೆ ಹಣ ಕೊಡುವವರು ಸಿಗುತ್ತಾರೆ. ಎರಡನೇ ವರ್ಷದ ಮನೆಭೇಟಿಯ ಪೆಟ್ರೋಲಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಇಡೀ ದೇಶದಲ್ಲಿ ಸುಮಾರು 19,000 ಮಕ್ಕಳು ಇನ್ನೂ ಪಡೆಗಳಲ್ಲೂ ಗುಂಪುಗಳಲ್ಲೂ ಇದ್ದಾರೆ ಅನ್ನುವುದು ಯುನಿಸೆಫ್‌ನ ಅಂದಾಜಾಗಿತ್ತು. ಬಿಟ್ಟು ಬಂದವರನ್ನು ಮತ್ತೆ ಕರೆದುಕೊಂಡು ಹೋಗುವುದೂ ನಡೆಯುತ್ತದೆ. ಮನೆಭೇಟಿ ನಿಂತ ಹಳ್ಳಿಗಳಲ್ಲಿ ನನಗೆ ಅದೇ ಭಯ ಇರುತ್ತಿತ್ತು.

ಅಜ್ಜಿಯ ಮನೆ ಸೇರಿದ ಹುಡುಗ ಒಂದು ದಿನ ತಾನೇ ಯಾಂಬಿಯೊಗೆ ಬಂದ. ಬಿಡುಗಡೆಯಾದಾಗ ಕೊಟ್ಟ ಪತ್ರ ಮಳೆಯಲ್ಲಿ ನೆಂದು ಹರಿದುಹೋಗಿತ್ತು. ದಾರಿಯ ತಪಾಸಣೆಯಲ್ಲಿ ಬಂದೂಕಿನವರು ಎತ್ತರದ ಹುಡುಗರನ್ನು ನಿಲ್ಲಿಸುತ್ತಾರೆ. ನಾನು ಚಿಕ್ಕವನು, ನನ್ನನ್ನು ಬಿಟ್ಟಿದ್ದಾರೆ ಅನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಅದೊಂದೇ ಕಾಗದ. ಹತ್ತೊಂಬತ್ತು ಅಂತ ವಾದ ಮಾಡಿದ್ದವನು ಈಗ ತನ್ನ ನಿಜವಾದ ಚಿಕ್ಕ ವಯಸ್ಸನ್ನೇ ದೊಡ್ಡ ಅಕ್ಷರದಲ್ಲಿ ಎದ್ದು ಕಾಣುವ ಹಾಗೆ ಬರೆಸಿಕೊಡಿ ಅಂದ. ಫೈಲು ತೆಗೆದು, ಆಯೋಗದವರಿಂದ ಹೊಸ ಪ್ರತಿ ಮಾಡಿಸಿ, ಲ್ಯಾಮಿನೇಷನ್ ಹಾಕಿ ಕೊಟ್ಟೆವು. ಆ ವಾರವೇ ಇನ್ನೂ ಕೆಲವು ಹುಡುಗರು ತಮ್ಮ ಪತ್ರ ಹಿಡಿದುಕೊಂಡು ಬಂದರು. ಆಫೀಸಿನಲ್ಲಿದ್ದ ಹಾಳೆ ಖಾಲಿಯಾಯಿತು. ಉಳಿದವರಿಗೆ ಜುಬಾದಿಂದ ತರಿಸಿ ಕೊಟ್ಟೆವು.